ಗೋಡೆಯಲ್ಲೊಂದು ತೂತು

ಸೆಗೆಡ್ ಊರಿನ ಆಸ್ಪತ್ರೆ, ಮೂರನೇ ಮಹಡಿ.
ನನಗೆ ಸಂಬಳ ಎಚ್ಚರವಾಗಿರುವುದಕ್ಕೆ.
ಗೋಡೆಯಾಚೆ ಬೊಟೊಂಡ್. ವಯಸ್ಸು ಹನ್ನೊಂದು,
ಅಂಗಿ ಮಾತ್ರ ಏಳು ವರ್ಷದವನದು.
ನೆತ್ತಿಯ ತುಂಬ ತಂತಿ. ಮೊಣಕೈಯಿಂದ ಹೊರಟ ನಳಿಗೆ
ಗೋಡೆಯ ತೂತು ದಾಟಿ ನನ್ನ ಮೇಜಿಗೆ ಬಂದಿದೆ.
ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಚಮಚ ರಕ್ತ ಎಳೆಯುತ್ತೇನೆ,
ಅವನ ನಿದ್ದೆಗೆ ಗೊತ್ತಾಗದ ಹಾಗೆ.

ಮಲಗುವ ಮುಂಚೆ ಕೇಳಿದ್ದ:
"ಎತೆಲ್ಕಾ ಚಿಕ್ಕಮ್ಮ, ಬೆಳೆಯುವಾಗ ಸದ್ದಾಗುತ್ತಾ?"
ಇಲ್ಲ ಪುಟ್ಟಾ, ಅಂದೆ.
ಆಮೇಲೆ ಯಂತ್ರದ ಪೆನ್ನುಗಳ ಕರಕರ ಕೇಳುತ್ತ
ಸುಳ್ಳು ಹೇಳಿದೆನೇನೋ ಅನ್ನಿಸಿತು.

ಹತ್ತೂವರೆಗೆ ಕಾಗದದ ತುಂಬ ಗೀಚು,
ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ.
ಹತ್ತು ಐವತ್ತಕ್ಕೆ ಶಾಯಿಗೇ ತೂಕಡಿಕೆ:
ಮರಳಿನ ದೋಣಿ ಹಾದುಹೋದ ಮೇಲೆ
ತೀಸಾ ನದಿ ದಡಕ್ಕೆ ಬಂದು ತೂಗುತ್ತದಲ್ಲ,
ಅಂಥ ದೊಡ್ಡ, ಸೋಮಾರಿ ಅಲೆಗಳು.

ಮೆದುಳಿನ ಬುಡದಲ್ಲಿ, ಬಾದಾಮಿಯಷ್ಟು ಜಾಗದಲ್ಲಿ
ಯಾರೋ ಒಬ್ಬ (ಹೆಸರು ಉದ್ದ, ಬಿಡಿ)
ಒಂದೇ ಸೊಲ್ಲು ಹೇಳುತ್ತಾನೆ.
ಕೆಳಗಿನ ಗ್ರಂಥಿಗೆ ಅದು 'ಸುರಿ' ಎಂದು ಕೇಳಿಸುತ್ತದೆ,
ಮೇಲಿನ ಮೆದುಳಿಗೆ 'ಮುಳುಗು' ಎಂದು.
ಬೆಳೆ, ಮಲಗು: ಎರಡಕ್ಕೂ ಅವನಲ್ಲಿ ಬೇರೆ ಬೇರೆ ಪದವಿಲ್ಲ.
ಕೆಳಮಹಡಿಯ ಇಲಿಗಳಲ್ಲಿ ಆ ಸೊಲ್ಲನ್ನು ತಡೆದು ನೋಡಿದರು.
ನಿದ್ದೆ ಗಂಜಿಯ ತಿಳಿಯ ಹಾಗೆ ತೆಳ್ಳಗಾಯಿತು.

ನನ್ನಜ್ಜ ಮೀನು ಹಿಡಿಯುತ್ತಿದ್ದವನು.
ತೀಸಾದ ದಡದ ಜೇಡಿಯೊಳಗೆ ಒಂದು ಹುಳ
ಮೂರು ವರ್ಷ ಕತ್ತಲಲ್ಲಿ ಬೆಳೆಯುತ್ತದಂತೆ.
ಜೂನ್ ತಿಂಗಳ ಒಂದು ಸಂಜೆ ರೆಕ್ಕೆ ಬಂದು
ನೀರಿನ ಮೇಲೆಲ್ಲ ಹಳದಿ ಮುಸುಕಿ
ರಾತ್ರಿಯೊಳಗೆ ಮುಗಿದುಹೋಗುತ್ತದೆ.
ಆ ಸಂಜೆಗೆ ಊರೆಲ್ಲ ಸೇತುವೆಯ ಮೇಲೆ.
ಜೇಡಿಯನ್ನು ನೋಡಲು ಯಾರೂ ಬರುವುದಿಲ್ಲ.
ನಾನು ಜೇಡಿ ನೋಡುವವಳು.

ಪಡಸಾಲೆಯಲ್ಲಿ ಅವನ ತಾಯಿ ಸ್ವೆಟರ್ ಹೆಣೆಯುತ್ತಿದ್ದಾಳೆ,
ಎರಡು ಅಳತೆ ದೊಡ್ಡದು.
ಬಾಯಿಬಿಟ್ಟು ಏನೂ ಕೇಳುವುದಿಲ್ಲ, ಸೂಜಿ ನಿಲ್ಲಿಸುತ್ತಾಳೆ ಅಷ್ಟೆ.
ಅಲೆ ಬಂತು, ಚೆನ್ನಾಗಿಯೇ ಬಂತು, ಅಂದೆ.
ಸುರಿಯಿತೋ ಇಲ್ಲವೋ
ಮಂಜುಗಡ್ಡೆಯಲ್ಲಿ ಸಾಲಾಗಿ ನಿಂತ ಶೀಸೆಗಳಿಗೆ ಗೊತ್ತು,
ಅವು ಸೋಮವಾರದವರೆಗೆ ಬಾಯಿಬಿಡುವುದಿಲ್ಲ.

ಒಮ್ಮೆ ನನಗೇ ತಂತಿ ಅಂಟಿಸಿಕೊಂಡು ಮಲಗಿದ್ದೆ.
ಐವತ್ನಾಲ್ಕರ ಅಲೆಗಳು: ಇಸ್ತ್ರಿ ಹಾಕಿದ ಸೆರಗು.
ಸೊಲ್ಲು ಹೇಳುವವನಿಗೂ ವಯಸ್ಸಾಗುತ್ತದೆ,
ಪಿಸುಗುಡುತ್ತಾನೆ, ಅರ್ಧಕ್ಕೇ ಮರೆಯುತ್ತಾನೆ.

ಬೆಳಿಗ್ಗೆ ಹುಡುಗನನ್ನು ಅಳತೆಪಟ್ಟಿಗೆ ಒರಗಿಸಿದೆ.
ನಿನ್ನೆ ಸಂಜೆ ನೂರ ಹದಿನೆಂಟು. ಈಗ ನೂರ ಹತ್ತೊಂಬತ್ತು.
ಅವನು ಕುಣಿದ. ತಾಯಿ ಆ ಅಂಕಿಯನ್ನು
ಬಸ್ ಟಿಕೆಟಿನ ಹಿಂದೆ ಬರೆದುಕೊಂಡಳು.
ಮಲಗಿ ಎದ್ದವರೆಲ್ಲ ಬೆಳಿಗ್ಗೆ ಒಂದು ಸೆಂಟಿಮೀಟರ್ ಉದ್ದ.
ಬೆನ್ನುಮೂಳೆ ರಾತ್ರಿ ನೀರು ಕುಡಿದಿರುತ್ತದೆ,
ಸಂಜೆಗೆ ಹಿಂಡಿಹೋಗುತ್ತದೆ.
ಗೊತ್ತಿತ್ತು. ಹೇಳಲಿಲ್ಲ.

ಅವರು ಲಿಫ್ಟ್ ಹತ್ತಿದ ಮೇಲೆ
ಚಪ್ಪಲಿ ಬಿಟ್ಟು ನಾನೂ ಪಟ್ಟಿಗೆ ಒರಗಿ ನಿಂತೆ.
ರಾತ್ರಿಯಿಡೀ ಎದ್ದಿದ್ದವಳು,
ನಿನ್ನೆಯಷ್ಟೂ ಇರಲಿಲ್ಲ.