ಹದಿನೇಳನೆಯದು

ಗುಡ್ಡದಾಚೆಯ ಮರಿ ಮಾರುವವನ ಕೊಟ್ಟಿಗೆಯಿಂದ
ಸೇಬಿನ ಬುಟ್ಟಿಯಲ್ಲಿ ಬಂತು:
ಮೂರೂವರೆ ಕಿಲೋ, ಆರು ವರ್ಷ,
ಬಸಿರು ಒಂಬತ್ತು, ಬಾಣಂತನ ಒಂದೂ ಇಲ್ಲ.
ಚೀಟಿಯಲ್ಲಿ, ಹೆಸರಿನ ಜಾಗಕ್ಕೆ, ನಲವತ್ತಮೂರು.

ಮೆರೆರಿಡ್ ಅದನ್ನು ಹುಲ್ಲಿನ ಮೇಲೆ ಬಿಟ್ಟಳು.
ಕೆಂಡ ತುಳಿದಂತೆ ಒಂದು ಕಾಲೆತ್ತಿತು, ಇನ್ನೊಂದು,
ನಾಲ್ಕನ್ನೂ ಎತ್ತಲಾಗದೆ
ಕೂತುಬಿಟ್ಟಿತು.

ಆಮೇಲೆ ಫ್ರಿಜ್ಜಿನ ಹಿಂದೆ.
ಅವಳು ಅಡುಗೆಮನೆಯ ನೆಲಕ್ಕೆ ಅಂಗಾತ ಬಿದ್ದುಕೊಂಡು
ತಾನು ಟಪಾಲು ಹಂಚಿದ ಊರುಗಳನ್ನು
ವೆಲ್ಶಿನಲ್ಲಿ, ಮೆಲ್ಲಗೆ, ಸೂರಿಗೆ ಹೇಳುತ್ತಿದ್ದಳು.
ನೋಡಬಾರದು, ಕರೆಯಬಾರದು,
ಹದಿನಾರು ನಾಯಿಗಳು ಕಲಿಸಿದ ಮಗ್ಗಿ ಅದು.
ಹನ್ನೊಂದನೆಯ ರಾತ್ರಿ, ಟ್ರೆಗಾರನ್ ದಾಟುವಾಗ,
ಅಂಗೈಗೆ ಒದ್ದೆ ಮೂಗು ತಾಗಿತು.
ಕೈ ಅಲುಗಿಸದೆ
ಮುಂದಿನೂರು ಹೇಳಿದಳು.

ಈಗ ಮಾರ್ಚ್. ಇಡ್ವಲ್ ಬಂದಿದ್ದಾನೆ,
ಶಾಲೆಯ ಬಸ್ಸು ಓಡಿಸುವವನು.
ಅವನ ಬೇಲಿಯ ಕಂಡಿಗಳನ್ನು
ಅವಳೇ ಮಂಡಿಯೂರಿ ನೋಡಿ ಬಂದಾಗಿದೆ.
'ಬೊಗಳುತ್ತದಾ?'
'ಇದುವರೆಗೆ ಇಲ್ಲ.'
ಕಂಬಳಿ ಕೊಟ್ಟಳು. ಒಗೆಯಬೇಡ ಎಂದಳು.
ಇನ್ನೊಮ್ಮೆ ಎಂದಳು.

ಕಾರಿನ ಬಾಗಿಲು ಹಾಕಿದ್ದೇ ತಡ
ಒಳಗಿಂದ ಒಂದು ಬೊಗಳು,
ತುಕ್ಕು ಹಿಡಿದ ಅಗುಳಿ ಜಾರಿದ ಹಾಗೆ.
ಅವನು ಗಾಬರಿಯಲ್ಲಿ ಗಾಜು ಇಳಿಸಿದ.
'ಹೊರಡು ಮಾರಾಯ, ಹೊರಡು,' ಎಂದು
ಇತ್ತ ತಿರುಗಿಕೊಂಡೇ ಕೈಬೀಸಿದಳು.

ಸಂಜೆ ಫ್ರಿಜ್ಜು ಸರಿಸಿದರೆ
ಗೋಡೆಗೆ ಒತ್ತಿ ಏಳು ಬಿಸ್ಕತ್ತು,
ಮೊದಲ ವಾರದವು, ಒಂದಕ್ಕೂ ಹಲ್ಲು ತಾಗಿಲ್ಲ.
ಆರನ್ನು ಗುಡಿಸಿದಳು.
ಗುರುವಾರ ಬರುವುದಕ್ಕೆ
ಮೂಸಲು ಏನಾದರೂ ಬೇಕಲ್ಲ.