ಇಪ್ಪತ್ತರ ತನಕ

ಆ ಕೇಬಲ್ ಎರಡು ಮೊಳವೂ ಇರಲಿಲ್ಲ.
ಹಾಗಾಗಿ ಫ್ರೀಸ್‌ಲಾಂಡಿನ ಆ ಶಾಲೆಯ ಕೊನೆಯ ಬೆಂಚಿನಲ್ಲಿ
ಯೆಲ್ಮರ್ ಮತ್ತು ನಾನು
ಮೊಣಕೈಗೆ ಮೊಣಕೈ ತಾಗಿಸಿಕೊಂಡೇ ಕೂರಬೇಕಿತ್ತು,
ಗ್ರಾಫ್ ಬಿಡಿಸುವವರ ಮುಖ ಹೊತ್ತು.

ಒಳಗೆ ಮಾತಾಡುವ ತಂತಿ ಎರಡೇ, ಕೆಂಪು, ಬಿಳಿ.
ಮೂರನೆಯದು ನೆಲ; ಅದು ಸುಮ್ಮನೆ ಇರುತ್ತದೆ.
ಯಾರೂ ಏನೂ ಹೇಳದಿದ್ದಾಗ ಎರಡೂ ಮೇಲೆ.
ಇಷ್ಟು ತಲೆಗೆ ಹತ್ತಲು ನನಗೆ ವಾರ ಹಿಡಿಯಿತು:
ಇಲ್ಲಿ ಮೌನವೇ ತುಂಬಿದ್ದು,
ಮಾತೆಂದರೆ ಕೆಳಗೆ ಜಗ್ಗುವುದು.

ಸೊನ್ನೆ ಹೇಳಬೇಕೆ? ಕೆಂಪನ್ನು ಜಗ್ಗು.
ಆಚೆಯವನು ಬಿಳಿ ಜಗ್ಗಿ ಹೂಂ ಅನ್ನಲಿ.
ನೀನು ಬಿಡು. ಅವನೂ ಬಿಡಲಿ.
ಒಂದು ಹೇಳಬೇಕೆ? ಬಿಳಿ ಮೊದಲು, ಹೂಂ ಕೆಂಪಿನಲ್ಲಿ.
ಎಂಟು ಸಲ ಹೂಂಗುಟ್ಟಿಸಿಕೊಂಡರೆ ಒಂದು ಬೈಟು.
ಕಥೆ ಹೇಳುವಾಗ ನನ್ನ ಅಜ್ಜಿಯೂ ಇಷ್ಟು ಹೂಂ ಕೇಳುತ್ತಿರಲಿಲ್ಲ.

ಬರೆದದ್ದು ಚೌಕುಳಿ ಹಾಳೆಯಲ್ಲಿ, ಪೆನ್ಸಿಲಿನಲ್ಲಿ,
ಚಿಪ್ಪಿಗೇ ಅರ್ಥವಾಗುವ ಬರಿಮೈ ಭಾಷೆಯಲ್ಲಿ:
ತುಂಬು, ಕಳಿಸು, ನೋಡು, ಹಾರು.
ಎಲ್ಲವೂ ಅಪ್ಪಣೆ. ದಯವಿಟ್ಟು ಎಂಬುದಕ್ಕೆ ಅಲ್ಲಿ ಸಂಕೇತವಿಲ್ಲ.

ಆಟ, ಸ್ಕೇಟಿಂಗ್ ಪಂದ್ಯ.
ಆ ಚಳಿಗಾಲ ಕಾಲುವೆ ಹೆಪ್ಪುಗಟ್ಟಲೇ ಇಲ್ಲ, ಅದಕ್ಕೇ
ತೊಂಬತ್ತಾರು ಚುಕ್ಕಿ ಅಗಲದ ಬೂದು ಗಾಜಿನ ಮೇಲೆ
ನಾವೇ ಮಂಜು ಹಾಸಿದೆವು.
ಅವನ ಚುಕ್ಕಿ ನನ್ನಲ್ಲಿ ಜಾರಬೇಕು, ನನ್ನದು ಅವನಲ್ಲಿ.

ಜಾರಿತು. ಆಮೇಲೆ ಒಂದು ಮಂಗಳವಾರ
ಅವನು ಕೆಂಪು ಜಗ್ಗಿದ ಗಳಿಗೆಯಲ್ಲೇ ನಾನು ಬಿಳಿ ಜಗ್ಗಿದೆ.
ನನ್ನ ಮಾತನ್ನು ಅವನ ಯಂತ್ರ ಹೂಂ ಅಂದುಕೊಂಡಿತು,
ಅವನ ಮಾತನ್ನು ನನ್ನದು.
ಗೆದ್ದೆ ಎಂದವು ಎರಡೂ ಪರದೆ.
ಮರುಪಂದ್ಯಕ್ಕೆ ಇಬ್ಬರೂ ಕೆಂಪು ಜಗ್ಗಿ
ಬಿಳಿಗಾಗಿ ಕಾದೆವು.
ಕಾದೆವು.
ಕೀಲಿ ಒತ್ತಿದರೆ ಉಸಿರಿಲ್ಲ.
ಬ್ಯಾಟರಿ ಕಿತ್ತೆವು; ಮೂರು ವಾರದ ಮಂಜು ಕರಗಿತು.
ಉಳಿದದ್ದು ಹಾಳೆ, ಮೇಲೆ ಬ್ರೆಡ್ಡಿನಿಂದ ಉದುರಿದ ಚಾಕಲೇಟಿನ ಕಲೆ.

ನೀನೇ ಮೊದಲು ಜಗ್ಗಿದ್ದು.
ಇಲ್ಲ, ನೀನು.
ನಾಲ್ಕು ದಿನ ಎರಡೂ ತಂತಿ ಮೇಲೆ.

ಶನಿವಾರ ಸೈಕಲ್ ತುಳಿದು ಅವನಪ್ಪನ ಸೇತುವೆಗೆ ಹೋದೆ.
ವಿಬ್ರೆನ್ ಮಾವ ಗಾಳದ ಕೋಲಿಗೆ ಮರದ ಜೋಡು ಕಟ್ಟಿ
ದೋಣಿಗೆ ಇಳಿಬಿಡುತ್ತಿದ್ದ. ಸುಂಕದ ಕಾಸು ಬಿದ್ದರೆ
ದಾರ ಭಾರವಾಗುತ್ತದೆ, ಎತ್ತಿಕೊಳ್ಳುತ್ತಾನೆ.

ಎರಡು ಕಡೆಯಿಂದ ಒಟ್ಟಿಗೆ ಬಂದರೆ, ಕೇಳಿದೆ.
ಹರಿವಿನ ಜೊತೆ ಬಂದವರು ಮೊದಲು.
ಇನ್ನೊಬ್ಬರು ಕಂಬಕ್ಕೆ ಹಗ್ಗ ಕಟ್ಟಿ ಕಾಯಲಿ.
ಕಾಸೇ ಹಾಕದಿದ್ದರೆ?
ಇಪ್ಪತ್ತು ಎಣಿಸ್ತೀನಿ, ಎತ್ಕೊಳ್ತೀನಿ.
ಇನ್ನೇನು ಸಿಟ್ಸ್ಕೆ, ಜೋಡು ಇಳಿಬಿಟ್ಟುಕೊಂಡೇ ಮುದುಕನಾಗಲಾ?

ಸೇತುವೆಮನೆಯ ಬಾಗಿಲಲ್ಲಿ ಯೆಲ್ಮರ್ ನಿಂತಿದ್ದ.
ಪೆನ್ಸಿಲು ಅವನ ಕಿವಿಯ ಮೇಲೇ ಇತ್ತು.
ಬಿ ರಿಜಿಸ್ಟರಿಗೆ ಇಪ್ಪತ್ತು ತುಂಬು, ಅಂದ,
ಸುತ್ತಿಗೊಂದು ಕಳೆ. ಸೊನ್ನೆಯಾದರೆ ತಂತಿ ಬಿಡು.

ಯಂತ್ರಕ್ಕೆ ಇಪ್ಪತ್ತು ಕಣ್ಣು ಮಿಟುಕಿಸಲೂ ಸಾಲದು;
ಅರವತ್ತೈದು ಸಾವಿರದ ಆಚೆಗೂ ಹೋದೆವು,
ಅದಕ್ಕೆ ಬೇರೆ ಜೋಡಿ ರಿಜಿಸ್ಟರು ಹುಡುಕಿದೆವು.
ಆ ಸಾಲಿನ ಹೆಸರು ಮಾತ್ರ ಕೊನೇತನಕ
'ಜೋಡು' ಅಂತಲೇ ಇತ್ತು.

ಕೆಳಗೆ ನೀರು ನಾನು ಬಂದ ದಿಕ್ಕಿನಿಂದಲೇ ಹರಿಯುತ್ತಿತ್ತು.
ಮೊಣಕೈಗೆ ಮೊಣಕೈ.
ನಾನು ಕೆಂಪು ಜಗ್ಗಿದೆ.
ಯೆಲ್ಮರ್, ಬಿಳಿ.