ಹತ್ತೊಂಬತ್ತು ಕಿಂಡಿ

ಗೇಟು, ಗ್ರಿಲ್ಲು, ಟ್ರಾಕ್ಟರಿನ ಮುರಿದ ಕೊಕ್ಕೆ,
ಜಾವಗಲ್‌ನ ನನ್ನ ಶೆಡ್ಡಿಗೆ ಬರುವುದು ಇಷ್ಟೇ.
ಆವತ್ತು ಹುಚ್ಚೀರಮ್ಮ ಬಂದು,
ಕಾವಲಿಗೆ ತಂತಿಬೇಲಿ ಬಿತ್ತು ಇನಾಯ್ತಣ್ಣ,
ಇನ್ನು ರೊಪ್ಪದೊಳಗೇ ಮೇವು,
ಒಂದು ಗೋದಲಿ ಮಾಡಿಕೊಡು ಅಂದಳು.

ಗೋದಲಿ ತಾನೆ! ನೀಲಿ ಡ್ರಮ್ಮು ಉದ್ದಕ್ಕೆ ಸೀಳಿ
ಕಬ್ಬಿಣದ ನಾಲ್ಕು ಕಾಲಿಗೆ ಕೂರಿಸಿದೆ.
ಮೂರೇ ದಿನ. ಆಟೋದಲ್ಲಿ ವಾಪಸು ಬಂತು, ದೂರಿನ ಜೊತೆ:
ಆಡು ಹತ್ತಿ ಒಳಗೇ ಮಲಗುತ್ತದೆ,
ಮಲಗಿದಲ್ಲೇ ಹಿಕ್ಕೆ,
ಹಿಕ್ಕೆ ಬಿದ್ದ ಹೊಟ್ಟನ್ನು
ಸತ್ತರೂ ಮೂಸುವುದಿಲ್ಲ ಅದೇ ಆಡು.
ನಾಲಗೆ ಅರಮನೆಯದು, ನಡತೆ ತಿಪ್ಪೆಯದು.

ಸರಿ, ಎತ್ತರಿಸಿ ಮೇಲೊಂದು ಜಾಲರಿ ಇಟ್ಟೆ.
ಈಗ ಕುರಿಯ ತಕರಾರು:
ಉದುರಿದ ಹುರುಳಿ ಹೊಟ್ಟು ಕತ್ತಿನ ಉಣ್ಣೆಗೆ ಸಿಕ್ಕಿ
ತಿಂದದ್ದಕ್ಕಿಂತ ಹೊತ್ತದ್ದೇ ಹೆಚ್ಚು.
ಕುರಿ ತಲೆ ತಗ್ಗಿಸಿ ಉಣ್ಣುವ ಜಾತಿ,
ಆಡು ಕಾಲೆತ್ತಿ ಆಕಾಶದಿಂದ ಕಿತ್ತು ತಿನ್ನುವುದು.
ಇಬ್ಬರಿಗೂ ಒಂದೇ ಪಂಕ್ತಿ ಹಾಕಿದ್ದು ನಾನು.

ಟೇಪು ಹಿಡಿದು ನಾನೇ ಹೋದೆ.
ಅವಳಿಗೆ ಟೇಪು ಬೇಡ. ಅಂಗೈ ಅಗಲಿಸಿ
ಕುರಿಗೆ ಒಂದೂವರೆ ಗೇಣು, ಟಗರಿಗೆ ಎರಡು.
ಕಂಬಿಯ ಸಂದಿಗೆ ತನ್ನ ಕೈಯನ್ನೇ ತೂರಿಸಿ
ಬಳೆ ತಾಗಿದರೆ ಮರಿಯ ಕತ್ತೂ ತಾಗುತ್ತೆ ಅಂದಳು.
ಕೊಂಬಿನ ಹೋತಕ್ಕೆ?
ಬೀಗದ ಕಣ್ಣಿನ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು;
ಬರುವಾಗ ತಲೆಯೆತ್ತಿ ಬರಲಿ, ತಿನ್ನುವಾಗ ತಗ್ಗಿಸಲಿ,
ನಡುವೆ ಪಕ್ಕದವನ ಪಾಲಿಗೆ ತಿರುಗದಿರಲಿ.

ಅಂಚನ್ನು ಎಷ್ಟು ಉಜ್ಜಿದರೂ ಸಾಲದು.
ನೀನೇ ಒಮ್ಮೆ ತಲೆ ಹಾಕಿ ನೋಡು, ಅಂದಳು, ನಗದೆ.

ಮಂಡಿಯೂರಿದೆ. ಐವತ್ತೆರಡರ ಕತ್ತು,
ಮಸೀದಿಯಲ್ಲಿ ಬಿಟ್ಟರೆ ಇಷ್ಟು ಬಾಗಿದ್ದಿಲ್ಲ.
ಎದುರಿಗೆ ಹೊಟ್ಟು. ಗಂಟಲ ಕೆಳಗೆ ಅಂಚು.
ಉಗುಳು ನುಂಗಿದಾಗ ತಿಳಿಯಿತು
ಎಲ್ಲಿ ಕೊಯ್ಯುತ್ತದೆ ಎಂದು.
ಆಚೆಯಿಂದ ಒಂದು ಮುಕ್ಕುಕೊಂಬಿನ ಆಡು
ನನ್ನ ಗಡ್ಡವನ್ನು ಸೊಪ್ಪೆಂದು ಎಳೆಯಿತು.

ಹಳೆಯ ಹೋಸುಪೈಪು ಸೀಳಿ ಅಂಚಿಗೆಲ್ಲ ತೊಡಿಸಿದೆ.

ಎಣಿಸಿದರೆ ಹದಿನೆಂಟು ತಲೆ. ಕೇಳಿದ್ದು ಹತ್ತೊಂಬತ್ತು ಕಿಂಡಿ.
ಕಬ್ಬಿಣಕ್ಕೆ ದುಡ್ಡು ಜಾಸ್ತಿಯಾಗುತ್ತಲ್ಲ ಅಂದರೆ,
ಕುಂಟುಮರಿ ಕೊನೆಗೇ ಬರೋದು,
ಅಷ್ಟರಲ್ಲಿ ಇವು ಮೈ ಸಡಿಲಿಸಿ ನಿಂತಿರ್ತವೆ,
ಯಾರನ್ನೂ ನೂಕದೆ ನಿಲ್ಲೋಕೆ ಅದಕ್ಕೊಂದು ಜಾಗ ಇರಲಿ.

ಬಾಕಿ ಆರುನೂರು ಇನ್ನೂ ಬಂದಿಲ್ಲ.
ಕೇಳಲೆಂದೇ ಮೊನ್ನೆ ಹೋದವನು ಕೇಳದೆ ನಿಂತೆ:
ಸಾಲಾಗಿ ಹದಿನೇಳು ಬಾಲ.
ಕೊನೆಯ ಕಿಂಡಿಯಲ್ಲಿ ಕೋಳಿಯೊಂದು ಹೊಟ್ಟು ಕೆದಕುತ್ತಿತ್ತು,
ಕುಂಟುಮರಿ ಇನ್ನೂ ದಾರಿಯಲ್ಲಿತ್ತು.